ಆ ದುಂಡು ಕಿಟಕಿ

1941ರ ಡಿಸೆಂಬರ್ 7 ಆಗಮನ ಕಾಲದ ಎರಡನೆಯ ಭಾನುವಾರವಾಗಿತ್ತು. ಹವಾಯಿಯ ಪರ್ಲ್ ಹಾರ್ಬರ್ ಬಂದರಿನಲ್ಲಿ ತಂಗಿದ್ದ ಅಮೆರಿಕದ ಯುದ್ಧನೌಕೆ ಒಕ್ಲಹೋಮದಲ್ಲಿ ಫಾದರ್ ಅಲೋಶಿಯಸ್ ಶ್ಮಿಟ್ ಬಲಿಪೂಜೆಯನ್ನು ಆಗತಾನೇ ಮುಗಿಸಿದ್ದರು. ಯುದ್ಧಘೋಷಣೆಯಿಲ್ಲದೆ ಜಪಾನಿನ ವಿಮಾನಗಳು ಎರಗಿದವು. ಟಾರ್ಪೆಡೊಗಳ ಹೊಡೆತಕ್ಕೆ ನೌಕೆ ಕೆಲವೇ ನಿಮಿಷಗಳಲ್ಲಿ ಮಗುಚಿತು.

ಒಳಗೆ ಸಿಲುಕಿದವರಿಗೆ ಉಳಿದಿದ್ದುದು ಒಂದು ಕಿರಿದಾದ ದುಂಡು ಕಿಟಕಿ. ಗುರುಗಳು ನಾವಿಕರನ್ನು ಒಬ್ಬೊಬ್ಬರನ್ನಾಗಿ ಹೊರದೂಡಿದರು. ತಾವೂ ಹೊರಬರಲು ಯತ್ನಿಸಿ ನಡುವೆಯೇ ಸಿಕ್ಕಿಕೊಂಡರು. ಹಿಂದೆ ಇನ್ನೂ ಕೆಲವರಿರುವುದು ತಿಳಿದಾಗ ತಮ್ಮನ್ನು ಮರಳಿ ಒಳಕ್ಕೆ ತಳ್ಳುವಂತೆ ಬೇಡಿಕೊಂಡರು. ಆ ಮಾತನ್ನು ನಾನು ಆಡುತ್ತಿದ್ದೆನೇ? ಧೈರ್ಯವಾಗಿ ಹೌದೆನ್ನಲಾರೆ. ನೀವು?

ಅವರ ನೆರವಿನಿಂದ ಹನ್ನೆರಡು ಮಂದಿ ಬದುಕಿದರು. ಮೂರು ದಿನಗಳ ಹಿಂದಷ್ಟೇ 32 ವರ್ಷ ತುಂಬಿದ್ದ ಗುರುಗಳು ಮರಳಲಿಲ್ಲ. ಆ ನೌಕೆಯೊಂದರಲ್ಲೇ ಮಡಿದವರು 429 ಮಂದಿ. ಹೆಚ್ಚಿನವರು ಮೀಸೆ ಚಿಗುರಿದ ಹುಡುಗರು. ಅಲ್ಲೇ ಮುಳುಗಿದ ಅರಿಜೋನ ನೌಕೆಯಿಂದ ಬದುಕುಳಿದವರಲ್ಲಿ ಕೊನೆಯವರು 2024ರಲ್ಲಿ, 102ರ ವಯಸ್ಸಿನಲ್ಲಿ, ಕಣ್ಮುಚ್ಚಿದರು.

ಫಾದರ್ ಶ್ಮಿಟ್‌ರ ಅವಶೇಷಗಳನ್ನು ಗುರುತಿಸಿ ಸ್ವಂತ ನಾಡಾದ ಅಯೋವಾದಲ್ಲಿ ಸಮಾಧಿ ಮಾಡಿದ್ದು 2016ರಲ್ಲಿ. ಅವರ ಪ್ರಾರ್ಥನಾ ಪುಸ್ತಕವಂತೂ ಬಹು ಹಿಂದೆಯೇ ನೌಕೆಯೊಳಗೆ ಸಿಕ್ಕಿತ್ತು. ಅದರ ಪಟ್ಟಿ ಡಿಸೆಂಬರ್ 8ರ ಪುಟದಲ್ಲಿತ್ತು, ಮರುದಿನದ ಅಮಲೋದ್ಭವ ಮಾತೆಯ ಹಬ್ಬಕ್ಕೆಂದು.