ಬೀರುವಿನ ಕೀಲಿಕೈ, ಮಧ್ಯಾಹ್ನದ ನೆರಳು

ಮೈಸೂರು
ಜುಲೈ 6

ಪ್ರೀತಿಯ ಪುಟ್ಟಿ,

ಸಿಂಧನೂರಿನ ಬಿಸಿಲು, ಬಾಡಿಗೆ ಮನೆಯ ನೀರಿನ ಗೋಳು ಎಲ್ಲವನ್ನೂ ಎರಡು ಪುಟ ಬರೆದು, ಶಾಲೆಯ ವಿಷಯವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ನನಗೆ ಬೇಕಾಗಿದ್ದದ್ದು ಆ ಎರಡು ಸಾಲೇ. ವಿಜ್ಞಾನದ ಕಿಟ್ ಬೀರುವಿನಲ್ಲಿದೆ, ಪ್ರನಾಳ ಒಡೆದರೆ ಸ್ಟಾಕ್ ಪುಸ್ತಕದಲ್ಲಿ ಏನು ಬರೆಯುವುದು ಅನ್ನುವ ಭಯಕ್ಕೆ ಯಾರೂ ಅದರ ಬೀಗ ತೆಗೆಯುವುದಿಲ್ಲ. ವಸ್ತುಪ್ರದರ್ಶನ ಬಂದಾಗ ಮಾತ್ರ ಪೇಟೆಯಿಂದ ಥರ್ಮಾಕೋಲಿನ ಜ್ವಾಲಾಮುಖಿ ಬರುತ್ತದೆ. "ಪ್ರಾಜೆಕ್ಟ್ ಅಂದ್ರೆ ಇದೇನಾ ಅತ್ತೆ?" ಅಂತ ಕೇಳಿದ್ದೀಯ.

ಅಲ್ಲ ಕಣೇ. ನೀನು ಪಾಠ ಮಾಡುವ ಆರು, ಏಳು, ಎಂಟನೇ ತರಗತಿಗಳಲ್ಲೇ, ನಿನ್ನಂಥದ್ದೇ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನದ ಪಾಠವನ್ನು ಬೇರೆ ಥರ ಮಾಡಿ ತೋರಿಸಿದವರಿದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಆ ಕಾರ್ಯಕ್ರಮ ಶುರುವಾಯಿತು. ಈಗ ಆ ಊರನ್ನು ನರ್ಮದಾಪುರಂ ಅನ್ನುತ್ತಾರೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಅನಿಲ್ ಸದ್ಗೋಪಾಲ್ ಅದನ್ನು ಬಿಟ್ಟು ಹಳ್ಳಿಗೆ ಬಂದು ಕಿಶೋರ್ ಭಾರತಿ ಸಂಸ್ಥೆ ಕಟ್ಟಿದ್ದರು. ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಜೊತೆಗೂಡಿತು. 1978ರ ಹೊತ್ತಿಗೆ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. 1982ರಿಂದ ಏಕಲವ್ಯ ಸಂಸ್ಥೆ ಹೊಣೆ ಹೊತ್ತಿತು. 2002ರಲ್ಲಿ ಸರ್ಕಾರವೇ ನಿಲ್ಲಿಸಿಬಿಟ್ಟಿತು. ಮೂವತ್ತು ವರ್ಷ ನಡೆದದ್ದನ್ನು ಒಂದು ಆದೇಶ ಮುಗಿಸಿತು ಅನ್ನುವುದು ನನಗೆ ಇವತ್ತಿಗೂ ಹೊಟ್ಟೆಗೆ ಇಳಿಯದ ಸಂಗತಿ.

ಆ ಕಾರ್ಯಕ್ರಮದ 'ಬಾಲ ವೈಜ್ಞಾನಿಕ' ಪುಸ್ತಕದಲ್ಲಿ ಉತ್ತರಗಳೇ ಇರಲಿಲ್ಲ. ಹೀಗೆ ಮಾಡು, ಏನಾಯಿತು ನೋಡು, ಬರೆದುಕೋ, ಯಾಕಿರಬಹುದು ಮಾತಾಡಿ, ಅಷ್ಟೇ. ನಾಲ್ಕು ನಾಲ್ಕು ಮಕ್ಕಳ ಗುಂಪು. ಪ್ರಯೋಗವನ್ನು ಮೇಷ್ಟರು ಮುಂದೆ ನಿಂತು ಮಾಡಿ ತೋರಿಸುವುದಲ್ಲ, ಮಕ್ಕಳೇ ಮಾಡಬೇಕು. ಮೇಷ್ಟರು ಅದೇ ಪ್ರಯೋಗಗಳನ್ನು ತರಬೇತಿಯಲ್ಲಿ ತಾವೂ ಕೈಯಾರೆ ಮಾಡಿ ಬಂದಿರಬೇಕು. ತಿಂಗಳಿಗೊಮ್ಮೆ ಎಲ್ಲ ಸೇರಿ, ಎಲ್ಲಿ ಎಡವಿತು ಅಂತ ಹೇಳಿಕೊಳ್ಳುತ್ತಿದ್ದರು. ಇನ್ನು ಪರೀಕ್ಷೆ! ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವುದು, ಜೊತೆಗೆ ಪ್ರಯೋಗ ಪರೀಕ್ಷೆ ಬೇರೆ. ಕೀಲಿಕೈ ಇರುವುದು ಇಲ್ಲೇ ಅಂತ ನನ್ನ ನಂಬಿಕೆ. ವರ್ಷವೆಲ್ಲ ಮಾಡಿ ನೋಡು ಅಂತ ಹೇಳಿ ಮಾರ್ಚ್ ತಿಂಗಳಲ್ಲಿ ವ್ಯಾಖ್ಯೆ ಬರೆ ಅಂದರೆ, ಮಕ್ಕಳು ಜಾಣರು, ಮಾರ್ಚ್ ತಿಂಗಳನ್ನೇ ನಂಬುತ್ತಾರೆ. ವರ್ಷದ ಕೊನೆಯ ಪರೀಕ್ಷೆ ನಿನ್ನ ಕೈಯಲ್ಲಿಲ್ಲ, ಗೊತ್ತು. ಕಿರುಪರೀಕ್ಷೆ ನಿನ್ನ ಕೈಯಲ್ಲಿದೆಯಲ್ಲ.

ಅವರದೇ ಇನ್ನೊಂದು ಉಪಾಯ ನಿನಗೆ ಹಿಡಿಸುತ್ತದೆ. 'ಸವಾಲಿರಾಮ್' ಅಂತ ಒಬ್ಬ ಕಲ್ಪನೆಯ ಮನುಷ್ಯ. ತಲೆಗೆ ಬಂದ ಪ್ರಶ್ನೆಯನ್ನೆಲ್ಲ ಮಕ್ಕಳು ಅವನಿಗೆ ಬರೆಯುತ್ತಿದ್ದರು, ಅವನ ಹೆಸರಲ್ಲಿ ಜವಾಬು ಹೋಗುತ್ತಿತ್ತು. ನಿನ್ನ ತರಗತಿಗೂ ಅಂಥವನೊಬ್ಬನನ್ನು ಹುಟ್ಟಿಸು, ಹೆಸರು ಮಕ್ಕಳೇ ಇಡಲಿ.

ಬೀರುವಿನ ಬೀಗಕ್ಕೆ ಮದ್ದು ಅರವಿಂದ್ ಗುಪ್ತಾ ಅವರ ಹತ್ತಿರವಿದೆ. ಕಾನ್ಪುರ ಐಐಟಿಯಲ್ಲಿ ಓದಿ ಟೆಲ್ಕೊ ಕಂಪನಿಯಲ್ಲಿದ್ದವರು, 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿಗೆ ಹೋದರು. ಸಂತೆಯಲ್ಲಿ ಸಿಗುವ ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ, ಇಷ್ಟರಲ್ಲೇ ಆಕೃತಿಗಳನ್ನು ಕಟ್ಟಿಸಿದರು. ಟ್ಯೂಬಿನ ತುಂಡುಗಳಿಂದ ನಾಲ್ಕು ಕಡ್ಡಿ ಜೋಡಿಸಿ ಚೌಕ ಮಾಡಿಸು, ಒತ್ತಿದರೆ ವಾಲುತ್ತದೆ. ಮೂರು ಕಡ್ಡಿಯ ತ್ರಿಕೋನ ಜಪ್ಪಯ್ಯ ಅಂದರೂ ವಾಲುವುದಿಲ್ಲ. ಆಮೇಲೆ ಶಾಲೆಯ ಶೀಟಿನ ಚಾವಣಿ ಹೊತ್ತ ಕಬ್ಬಿಣದ ಕಡೆ ಸುಮ್ಮನೆ ಕೈ ತೋರಿಸು. ಒಡೆಯುವುದಕ್ಕೂ ಏನಿಲ್ಲ, ಸ್ಟಾಕ್ ಪುಸ್ತಕಕ್ಕೂ ಏನಿಲ್ಲ.

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲ ಅಂದುಕೊಳ್ಳಬೇಡ. 1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಅನ್ನುವ ಕಲಿಕೆಯ ಪದ್ಧತಿ ಶುರುವಾದಾಗ ನಾನು ಅಲ್ಲೇ ಇದ್ದೆನಲ್ಲ. ನಮ್ಮ ಕಡೆಯ ಮೇಷ್ಟರು ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಕಲಿಕೆಯ ಕಾರ್ಡುಗಳನ್ನೂ ಕಲಿಕೆಯ ಹಂತ ತೋರಿಸುವ ಏಣಿಯನ್ನೂ ತಾವೇ ಕೂತು ತಿದ್ದಿ ನಮ್ಮದಾಗಿ ಮಾಡಿಕೊಂಡಿದ್ದರು. ಮಗು ತನ್ನ ಕಾರ್ಡು ತಾನೇ ಹುಡುಕಿ ತಂದು 'ತಟ್ಟೆ' ಅನ್ನುವ ತನ್ನ ಗುಂಪಿನಲ್ಲಿ ಕೂರುತ್ತಿತ್ತು, ಟೀಚರೂ ನೆಲದ ಮೇಲೆ. ಮುಂದೆ ರಾಜ್ಯಕ್ಕೆಲ್ಲ ಹಬ್ಬಿದಾಗ ಕಾರ್ಡು ಎಲ್ಲ ಕಡೆ ತಲುಪಿತು, ಕೂತು ತಿದ್ದುವ ಆ ಅಭ್ಯಾಸ ಎಲ್ಲ ಕಡೆ ತಲುಪಲಿಲ್ಲ. ಶಾಲೆಯಲ್ಲಿ ನಡೆಸುವ ಮಕ್ಕಳ ಸಂತೆಯ ಕತೆಯೂ ಅಷ್ಟೇ. ಸೊಪ್ಪು ತೂಗಿ ಮಾರಿದ ಮಗು ಮರುದಿನ ಲಾಭ ನಷ್ಟ ಲೆಕ್ಕ ಹಾಕಿದರೆ ಅದು ಗಣಿತ. ಅತಿಥಿಗಳು ಐನೂರರ ನೋಟು ಕೊಟ್ಟು "ಚಿಲ್ಲರೆ ಇರಲಿ ಮರಿ" ಅಂದರೆ ಅದು ಬರೀ ಫೋಟೋ.

ಈಗ ನಿನಗೊಂದು ಕೆಲಸ. ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನೆಡಿಸು, ಗಾರೆಯವರ ತೂಗುಗುಂಡು ಹಿಡಿದು ನೋಡಲಿ. ಹನ್ನೊಂದೂವರೆಯಿಂದ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡಲಿ. ನಡುಮಧ್ಯಾಹ್ನ ಅಂದರೆ ಹನ್ನೆರಡು ಗಂಟೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಅತಿ ಗಿಡ್ಡ ನೆರಳು ಬೀಳುವುದು ಹನ್ನೆರಡೂವರೆಯ ಆಸುಪಾಸಿಗೆ, ಯಾಕಂದರೆ ನಮ್ಮ ಗಡಿಯಾರ ನಡೆಯುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಸೂರ್ಯ ನಿಮ್ಮೂರಿಗೆ ಬರುವುದು ತಡ. ಇನ್ನೊಂದು ಮಜಾ, ಈ ತಿಂಗಳು ಆ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಇವತ್ತಿನ ಲೆಕ್ಕಕ್ಕೆ ಸುಮಾರು 12 ಸೆಂಟಿಮೀಟರ್. ದಿನದಿನಕ್ಕೂ ಕುಗ್ಗಿ ಆಗಸ್ಟ್ 10ರ ಸುಮಾರಿಗೆ ಮಾಯವಾಗಿ ಆಮೇಲೆ ಉತ್ತರಕ್ಕೆ ತಿರುಗುತ್ತದೆ. ಡಿಸೆಂಬರಿನಲ್ಲಿ 80 ಸೆಂಟಿಮೀಟರಿಗೂ ಉದ್ದ. ಇದನ್ನೆಲ್ಲ ನಿನಗೆ ಹೇಳಿದ್ದೇನೆ. ನೀನು ಮಾತ್ರ ಮಕ್ಕಳ ಮುಂದೆ ಬಾಯಿ ಬಿಡಬೇಡ. ನೆರಳು ಮಾಯವಾದ ದಿನ ಅವರೇ ಓಡಿ ಬಂದು ನಿನ್ನ ಕೇಳಲಿ.

ಆಮೇಲಿನದು ನಮ್ಮಿಬ್ಬರ ಪಾಲಿನದು. ಮೈಸೂರು, ಸಿಂಧನೂರು ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ನೇರ ಗೆರೆ ಎಳೆದರೆ ಸುಮಾರು 385 ಕಿಲೋಮೀಟರ್. ನೀವು ನೆರಳು ಅಳೆಯುವ ದಿನವೇ ನಾನೂ ಇಲ್ಲಿ ತಾರಸಿಯ ಮೇಲೆ ಕೋಲು ನಿಲ್ಲಿಸುತ್ತೇನೆ. ಎರಡು ಊರಿನ ಕೋನಗಳ ವ್ಯತ್ಯಾಸದಿಂದ ಭೂಮಿಯ ಸುತ್ತಳತೆ ಸಿಗುತ್ತದೆ. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನ ಎರಡು ಊರುಗಳ ನಡುವೆ ಮಾಡಿದ ಲೆಕ್ಕ ಇದೇ. ನಿನ್ನ ಎಂಟನೇ ಕ್ಲಾಸಿನವರು ಕೋನಮಾಪಕ ಹಿಡಿದು ಕಾಗದದ ಮೇಲೆ ಚಿತ್ರ ಬರೆದೇ ಮಾಡಬಲ್ಲರು. ನಾಲ್ಕೈದು ಸಾವಿರ ಕಿಲೋಮೀಟರ್ ತಪ್ಪಿದರೂ ಬೈಯಬೇಡ, ಎಲ್ಲಿ ತಪ್ಪಿತು ಅಂತ ಹುಡುಕಲಿ.

ಇಲ್ಲಿ ಈ ತಿಂಗಳು ಮೋಡದ ಕಾಟ. ಬಿಸಿಲಿದ್ದ ದಿನ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ, ಅಲ್ಲೂ ಬಿಸಿಲಿದ್ದರೆ ಅವತ್ತೇ. ಮಕ್ಕಳ ಅಳತೆಯನ್ನು ಅವರ ಕೈಬರಹದಲ್ಲೇ ಕಳಿಸು.

ಇಂತಿ ನಿನ್ನ,
ಅತ್ತೆ