ಕೈಗೆ ಕೆಲಸ ಕೊಟ್ಟ ಕಮಲಾದೇವಿ

ಹಜೀರಾದಿಂದ ಕರಾವಳಿಗುಂಟ ದಕ್ಷಿಣಕ್ಕೆ ಸಾಗಿದರೆ ದಂಡಿ ಸಿಗುತ್ತದೆ. 1930ರಲ್ಲಿ ಗಾಂಧೀಜಿ ಅಲ್ಲಿಗೆ ನಡೆದುಹೋಗುತ್ತಿದ್ದಾಗ, ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಅವರೊಡನೆ ವಾದಿಸಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಇಲ್ಲಿಯ ಕನ್ನಡಿಗರಾದ ನಾವು ಅವರನ್ನು ಕರಕುಶಲ ಕಲೆಗಳ ಪೋಷಕಿಯೆಂದು ಮಾತ್ರ ನೆನೆಯುತ್ತೇವೆ. ನನಗೆ ಈಚೆಗೆ ಹೆಚ್ಚು ಹತ್ತಿರವಾಗಿರುವುದು ಅವರ ಬದುಕಿನ ಮತ್ತೊಂದು ಅಧ್ಯಾಯ.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಅವರು ವಿದೇಶದಲ್ಲಿದ್ದರು. ಅಮೆರಿಕವನ್ನು ಸುತ್ತಿ, ಜಪಾನು ಮತ್ತು ಚೀನಾಗಳನ್ನೂ ಕಂಡು 1941ರಲ್ಲಿ ಮರಳಿದರು. ಜಪಾನಿನ ದಾಳಿಗೆ ಸಿಕ್ಕ ಚೀನಾದ ಬಗ್ಗೆ 'ಇನ್ ವಾರ್-ಟಾರ್ನ್ ಚೈನಾ' ಎಂಬ ಪುಸ್ತಕ ಬರೆದರು. ವೃತ್ತಿಯಿಂದ ಯುದ್ಧ ವರದಿಗಾರ್ತಿ ಅಲ್ಲದಿದ್ದರೂ, ಯುದ್ಧಪೀಡಿತ ನಾಡನ್ನು ಕಣ್ಣಾರೆ ಕಂಡು ಬರೆದ ಭಾರತೀಯ ಮಹಿಳೆಯರು ಆ ಕಾಲದಲ್ಲಿ ವಿರಳ.

ಬರೆದು ಸುಮ್ಮನಿರುವ ಜಾಯಮಾನ ಅವರದಾಗಿರಲಿಲ್ಲ. ದೇಶ ವಿಭಜನೆಯ ಬಳಿಕ, 1948ರಲ್ಲಿ, ಅವರು ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿದರು. ಬನ್ನೂ ಮೊದಲಾದ ವಾಯವ್ಯ ಗಡಿನಾಡ ಊರುಗಳಿಂದ ಬಂದ ಹತ್ತಾರು ಸಾವಿರ ನಿರಾಶ್ರಿತರಿಗಾಗಿ ದೆಹಲಿಯ ಬಳಿ ಫರೀದಾಬಾದ್ ನಗರ ಎದ್ದಾಗ ಈ ಒಕ್ಕೂಟ ಜೊತೆಗೆ ನಿಂತಿತು. ಅಲ್ಲಿ ಮನೆ ಕಟ್ಟುವ ಕೆಲಸ ಗುತ್ತಿಗೆದಾರರ ಪಾಲಾಗಲಿಲ್ಲ. ನಿರಾಶ್ರಿತರೇ ಸಹಕಾರ ಸಂಘಗಳನ್ನು ಮಾಡಿಕೊಂಡು, ಕೂಲಿ ಪಡೆದು, ತಮ್ಮ ಮನೆಗಳನ್ನು ತಾವೇ ಕಟ್ಟಿದರು. ಎಲ್ಲವನ್ನೂ ಕಳೆದುಕೊಂಡವನಿಗೆ ಅನ್ನ ಬೇಕು, ನಿಜ. ಆದರೆ ಪರರ ಕೈ ನೋಡುತ್ತ ಕೂರಬೇಕಾದ ಸ್ಥಿತಿ ಅವನನ್ನು ಇನ್ನೊಮ್ಮೆ ಬೇರು ಕೀಳುತ್ತದೆ.

ಹಜೀರಾದಲ್ಲಿ ನಾನೂ ವಲಸಿಗನೇ. ಆದರೆ ನನಗೆ ನೌಕರಿಯಿತ್ತು, ಕಂಪನಿಯ ಮನೆಯಿತ್ತು, ಬೇಕೆಂದಾಗ ಊರಿಗೆ ಹೋಗುವ ಅನುಕೂಲವಿತ್ತು. 2020ರ ಲಾಕ್‌ಡೌನಿನಲ್ಲಿ ಸೂರತ್ತಿನ ಹೊರರಾಜ್ಯದ ಕಾರ್ಮಿಕರು 'ನಮ್ಮನ್ನು ಊರಿಗೆ ಕಳುಹಿಸಿ' ಎಂದು ಬೀದಿಗಿಳಿದರು. ಅವರು ನಿರಾಶ್ರಿತರಲ್ಲ, ಈ ದೇಶದ ಪ್ರಜೆಗಳೇ. ಈ ನಗರದ ಮಗ್ಗಗಳನ್ನು ನಡೆಸಿದ ಕೈಗಳಿಗೆ, ಕೆಲಸ ನಿಂತ ಕೆಲವೇ ವಾರಗಳಲ್ಲಿ ಇಲ್ಲಿ ನಿಲ್ಲಲು ನೆಲೆಯಿಲ್ಲವಾಯಿತು.

ಕಮಲಾದೇವಿಯವರ ಕೆಲಸ ನನ್ನನ್ನು ಕೆಣಕುವುದು ಇಲ್ಲೇ. ಸೂರತ್ತಿನಲ್ಲಿ ದುಡಿಮೆಗೆ ಕೊರತೆಯಿರಲಿಲ್ಲ. ದುಡಿದವರಿಗೆ ಊರಿನಲ್ಲಿ ಪಾಲಿರಲಿಲ್ಲ. ಫರೀದಾಬಾದಿನಲ್ಲಿ ಇಟ್ಟಿಗೆ ಹೊತ್ತವರು ಆ ಊರಿನ ನಿವಾಸಿಗಳಾದರು. ಹೊರನಾಡಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡ ನಾವು, ನಮ್ಮ ಪಕ್ಕದ ಕೋಣೆಗಳಲ್ಲಿ ಪಾಳಿಯ ಮೇಲೆ ಮಲಗಿ ಏಳುವವರ ಊರು ಯಾವುದೆಂದು ಎಂದಾದರೂ ಕೇಳಿದ್ದೇವೆಯೇ?