ಎಚ್‌ಎಎಲ್ ಬಸ್ಸು, ಅಶೋಕನಗರದ ಗ್ರೌಂಡು ಮತ್ತು ಅಪ್ಪ

ನಮ್ಮ ಬಾಪೂಜಿನಗರದ ಮನೆಗೆ ಅಲಾರಂ ಬೇಕಿರಲಿಲ್ಲ, ಅಪ್ಪ ಇದ್ದರು. ಐದಕ್ಕೆಲ್ಲ ಎದ್ದು, ಸ್ನಾನ ಮುಗಿಸಿ, ಟಿಫನ್ ಡಬ್ಬಿ ಹಿಡ್ಕೊಂಡು ಮೈಸೂರು ರಸ್ತೆಗೆ ಹೋಗಿ ಎಚ್‌ಎಎಲ್ ಬಸ್ಸು ಹತ್ತೋರು. ಊರಿನ ಈ ತುದಿಯಿಂದ ಆ ತುದಿಗೆ ಪ್ರಯಾಣ. ಮೂವತ್ತು ವರ್ಷಕ್ಕೂ ಮೇಲೆ ಇದೇ ದಿನಚರಿ. ಫಿಟ್ಟರ್ ಆಗಿ ಸೇರಿದರು, ಅಲ್ಲೇ ರಿಟೈರ್ ಆದರು.

ಅಪ್ಪನಿಗೆ ಕ್ರಿಕೆಟ್ ಅಷ್ಟಕ್ಕಷ್ಟೇ. ಫುಟ್‌ಬಾಲ್ ಅಂದ್ರೆ ಮಾತ್ರ ಜೀವ. ಅದಕ್ಕೆ ಕಾರಣ ಅವರ ಕಂಪನಿ ಟೀಮು, ಎಚ್‌ಎಎಲ್ ಸ್ಪೋರ್ಟಿಂಗ್ ಕ್ಲಬ್.

ಹೋದ ತಿಂಗಳು ಒಂದು ಮಧ್ಯಾಹ್ನ ನಾನೇ ಕೇಳಿದೆ, "ಅಪ್ಪ, ಸ್ಟೇಡಿಯಂಗೆ ಹೋಗೋಣ್ವಾ?" ಅಪ್ಪ ನನ್ನ ಮುಖ ನೋಡಿದರು. ವರ್ಕಿಂಗ್ ಡೇ ದಿನ ಮಗ ಮ್ಯಾಚ್‌ಗೆ ಕರೀತಿದಾನೆ ಅಂದ್ರೆ ಏನೋ ಇದೆ ಅಂತ ಅನಿಸಿರಬೇಕು. ಆದ್ರೆ ಏನೂ ಕೇಳದೆ ಚಪ್ಪಲಿ ಹಾಕ್ಕೊಂಡರು.

ದೀಪಾಂಜಲಿನಗರದಲ್ಲಿ ಮೆಟ್ರೊ ಹತ್ತಿದರೆ ಎಂ.ಜಿ. ರಸ್ತೆಗೆ ಒಂದೇ ರೈಲು, ಎಲ್ಲೂ ಬದಲಾಯಿಸಬೇಕಿಲ್ಲ. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ ತನಕ ಮನೆಗಳ ಟೆರೇಸು, ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು. ಆಮೇಲೆ ರೈಲು ನೆಲದೊಳಗೆ ಇಳಿಯುತ್ತೆ. ಕಬ್ಬನ್ ಪಾರ್ಕ್ ದಾಟಿ ಮತ್ತೆ ಬೆಳಕಿಗೆ ಬಂದರೆ ಎಂ.ಜಿ. ರಸ್ತೆ. ಅಲ್ಲಿಂದ ನಿಧಾನಕ್ಕೆ ನಡೆದು ಗರುಡಾ ಮಾಲ್ ಕಡೆ ಬಂದರೆ ಹತ್ತಿರದಲ್ಲೇ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಮಾಲ್‌ಗೆ ನೂರು ಸಲ ಹೋಗಿರೋ ನನ್ನ ಫ್ರೆಂಡ್ಸ್‌ಗೇ ಪಕ್ಕದಲ್ಲಿ ಇಂಥದ್ದೊಂದು ಗ್ರೌಂಡ್ ಇದೆ ಅಂತ ಗೊತ್ತಿಲ್ಲ.

ಬೆಂಗಳೂರಿಗೆ ಫುಟ್‌ಬಾಲ್ ಬಂದಿದ್ದು ದಂಡು ಪ್ರದೇಶದ ಬ್ರಿಟಿಷ್ ಸೈನಿಕರ ಜೊತೆ. ಆದರೆ ನಮ್ಮವರು ಬೇಗ ಅವರಿಗೇ ಪಾಠ ಹೇಳಿಕೊಟ್ಟರು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಯ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಮೋಹನ್ ಬಾಗಾನ್ ಅಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1–2ರಲ್ಲಿ ಸೋತಿತು. ಸ್ವತಂತ್ರ ಭಾರತದ ಆ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಮೈಸೂರು ರಾಜ್ಯ ತಂಡ 1968–69ರ ತನಕ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು.

ಇಷ್ಟರಲ್ಲಿ ಊರಿಗೆ ದೊಡ್ಡ ಕಾರ್ಖಾನೆಗಳು ಬಂದಿದ್ದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್. ಕಾರ್ಖಾನೆ ಜೊತೆ ಕ್ವಾರ್ಟರ್ಸ್, ಶಾಲೆ, ಕ್ಯಾಂಟೀನು, ಆಟದ ತಂಡ. ಚೆನ್ನಾಗಿ ಆಡೋ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ. ಸ್ವಲ್ಪ ಹೊತ್ತು ಡ್ಯೂಟಿ, ಮಿಕ್ಕಿದ್ದು ಪ್ರಾಕ್ಟೀಸು. ಮೂವತ್ತೈದಕ್ಕೆ ಮಂಡಿ ಕೈಕೊಟ್ಟರೂ ಅರವತ್ತರ ತನಕ ಸಂಬಳ. ಬಡವರ ಮನೆ ಹುಡುಗರು ಫುಟ್‌ಬಾಲ್ ಆಡೋಕೆ ಇದಕ್ಕಿಂತ ಕಾರಣ ಬೇಕಿರಲಿಲ್ಲ.

 ಎಚ್‌ಎಎಲ್ 2010ರಲ್ಲಿ ಬಡ್ತಿ ಸಿಕ್ಕಿ ಐ-ಲೀಗ್‌ಗೆ ಬಂತು. ಆಗ ಅದೇ ದೇಶದ ಟಾಪ್ ಲೀಗ್. ನಾನು ಎಸ್ಸೆಸ್ಸೆಲ್ಸಿ. ಪರೀಕ್ಷೆ ಹತ್ತಿರ ಇದ್ದರೂ ಅಪ್ಪ ನನ್ನನ್ನ ಇದೇ ಗ್ರೌಂಡ್‌ಗೆ ಕರ್ಕೊಂಡು ಬಂದಿದ್ರು. ಕೋಲ್ಕತ್ತದ ತಂಡದ ಮ್ಯಾಚು. ನಮ್ಮೂರಲ್ಲೇ ಅವರ ಕಡೆಯ ಗಲಾಟೆ ಜಾಸ್ತಿ! ಅಪ್ಪನ ಸೆಕ್ಷನ್‌ನವರು ಒಂದು ಮೂಲೇಲಿ ಕೂತು ಆಟಗಾರರನ್ನ ಹೆಸರಿಡಿದು ಕರೀತಿದ್ರು, ಸ್ಟಾರ್‌ಗಳನ್ನ ಕರೆದ ಹಾಗಲ್ಲ, ಕ್ಯಾಂಟೀನ್‌ನಲ್ಲಿ ಪಕ್ಕದ ಟೇಬಲ್‌ನವನನ್ನ ಕರೆದ ಹಾಗೆ.

ಮೊದಲ ಸೀಸನ್‌ನಲ್ಲಿ ಹೇಗೋ ಬಚಾವಾದರು. 2011–12ರಲ್ಲಿ ಆಗಲಿಲ್ಲ, ಕೆಳಗಿಳಿದರು. ಕೋಟಿಗಟ್ಟಲೆ ಖರ್ಚು ಮಾಡಿ ವಿದೇಶಿ ಸ್ಟ್ರೈಕರ್ ತರೋ ಕ್ಲಬ್‌ಗಳ ಮುಂದೆ ಕಂಪನಿ ಟೀಮು ಎಷ್ಟು ದಿನ ನಿಲ್ಲುತ್ತೆ? ಕಾಲವೂ ಬದಲಾಗ್ತಿತ್ತು. ಕ್ಲಬ್ ಅಂದ್ರೆ ಸ್ವತಂತ್ರ ಸಂಸ್ಥೆಯಾಗಿರಬೇಕು, ಯೂತ್ ಟೀಮ್ ಇರಬೇಕು ಅನ್ನೋ ಲೈಸೆನ್ಸಿಂಗ್ ನಿಯಮಗಳು ಬಂದವು. 2013ರಲ್ಲಿ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳು ಇದೇ ಕಾರಣಕ್ಕೆ ಐ-ಲೀಗ್‌ನಿಂದ ಹೊರಬಿದ್ದವು.

ಅದೇ ವರ್ಷ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಕಟ್ಟಿತು. ನೇರ ಟಾಪ್ ಲೀಗ್‌ಗೆ ಎಂಟ್ರಿ. ಮೊದಲ ಮ್ಯಾಚು ಇದೇ ಸ್ಟೇಡಿಯಂನಲ್ಲಿ, ಮೋಹನ್ ಬಾಗಾನ್ ಎದುರು 1–1 ಡ್ರಾ. ಮೊದಲ ಸೀಸನ್‌ನಲ್ಲೇ ಚಾಂಪಿಯನ್. ಆಮೇಲೆ ಅವರು ಕಂಠೀರವಕ್ಕೆ ಹೋದರು, ನಾನೂ ನೀಲಿ ಜರ್ಸಿ ತಗೊಂಡು ಅಲ್ಲಿಗೇ ಹೋದೆ. ಅಪ್ಪ ಒಂದೇ ಸಲ ಬಂದ್ರು. "ಆಟ ಚೆನ್ನಾಗಿದೆ. ಆದ್ರೆ ಇಲ್ಲಿ ನಂಗೆ ಯಾರೂ ಪರಿಚಯ ಇಲ್ಲ" ಅಂದ್ರು.

ಅಶೋಕನಗರದ ಗ್ರೌಂಡ್‌ನಲ್ಲಿ ಈಗಲೂ ಬೆಂಗಳೂರು ಸೂಪರ್ ಡಿವಿಜನ್ ಲೀಗ್ ನಡೆಯುತ್ತೆ. ನಾವು ಹೋದ ದಿನ ಜನ ಅಷ್ಟೇನಿರಲಿಲ್ಲ. ಆಟಗಾರರ ಮನೆಯವರು, ಒಂದಷ್ಟು ಅಕಾಡೆಮಿ ಹುಡುಗರು, ಅಪ್ಪನ ವಯಸ್ಸಿನ ಕೆಲವರು. ಅವರಲ್ಲೊಬ್ಬರು ಅಪ್ಪನ್ನ ನೋಡಿ, "ಏನ್ರೀ, ಬದುಕಿದೀರಾ?" ಅಂತ ನಕ್ಕು ಜಾಗ ಬಿಟ್ಟುಕೊಟ್ಟರು. ಖಾಲಿ ಗ್ಯಾಲರಿ ನೋಡಿ ಈ ಲೀಗ್‌ನ ಹಗುರವಾಗಿ ತಗೋಬೇಡಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದ ಕರ್ನಾಟಕ ತಂಡಕ್ಕೆ ಹುಡುಗರನ್ನು ಬೆಳೆಸಿಕೊಟ್ಟಿದ್ದು ಇಂಥ ಲೋಕಲ್ ಕ್ಲಬ್‌ಗಳೇ.

ಹಾಫ್ ಟೈಮ್‌ನಲ್ಲಿ ಕಡ್ಲೆಕಾಯಿ ಸುಲೀತಾ ಕೇಳಿದೆ, "ಅಪ್ಪ, ಎಚ್‌ಎಎಲ್ ಕೆಳಗಿಳಿದಾಗ ಪ್ಲೇಯರ್‌ಗಳ ಕಥೆ ಏನಾಯ್ತು?"

"ಏನಾಗುತ್ತೆ? ಬೇಜಾರಾಗಿತ್ತು. ಆದ್ರೆ ಎಲ್ರಿಗೂ ಕೆಲಸ ಇತ್ತಲ್ಲ. ಬೆಳಿಗ್ಗೆ ಬಂದು ಪಂಚ್ ಮಾಡಿದ್ರು."

ಅಲ್ಲಿಗೆ ನಂಗೆ ತಡೆಯೋಕಾಗ್ಲಿಲ್ಲ. ಮೂರು ವಾರದಿಂದ ಬಾಯಲ್ಲೇ ಇಟ್ಕೊಂಡಿದ್ದನ್ನ ಹೇಳಿಬಿಟ್ಟೆ. ನಮ್ಮ ಟೀಮನ್ನೇ ತೆಗೆದಿದಾರೆ, ಎಚ್‌ಆರ್ ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗೀತು, ಎರಡು ತಿಂಗಳ ನೋಟಿಸ್ ಪೀರಿಯಡ್. ದಿನಾ ಲ್ಯಾಪ್‌ಟಾಪ್ ತೆಗೆದು ಕೂರೋದು ಇಂಟರ್‌ವ್ಯೂಗೆ ಓದೋಕೆ, ಆಫೀಸ್ ಕೆಲಸಕ್ಕಲ್ಲ.

ಒಂದೇ ಕಡೆ ರಿಟೈರ್ ಆದ ಮನುಷ್ಯನಿಗೆ ಇದನ್ನ ಹೇಗೆ ಅರ್ಥ ಮಾಡಿಸೋದು ಅನ್ನೋದೇ ನನ್ನ ಭಯವಾಗಿತ್ತು. ಅವರ ಕಾಲದಲ್ಲಿ ತಂಡ ಕೆಳಗಿಳಿದರೂ ಆಟಗಾರ ಬೀಳುತ್ತಿರಲಿಲ್ಲ. ನಮ್ಮದರಲ್ಲಿ ಕಂಪನಿ ಲಾಭದಲ್ಲಿದ್ದರೂ ನಾವು ಬೀಳಬಹುದು. ಸಂಬಳ ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ ನಿಜ, ಆದ್ರೆ ಮಾರನೇ ದಿನ ಕರ್ಕೊಂಡು ಹೋಗೋ ಬಸ್ಸಿಲ್ಲ.

ಅಪ್ಪ ಸಿಪ್ಪೆ ಊದಿ ಕಡ್ಲೆಕಾಯಿ ಬಾಯಿಗೆ ಹಾಕ್ಕೊಂಡರು. "ಇಎಂಐ ಎಷ್ಟಿದೆ?"

ಹೇಳಿದೆ.

"ಆರು ತಿಂಗಳು ನನ್ನ ಎಫ್‌ಡಿಯಲ್ಲಿ ತಳ್ಳಬಹುದು. ಅಮ್ಮಂಗೆ ಇವತ್ತೇ ಹೇಳು, ಮುಚ್ಚಿಡಬೇಡ. ಮೂರು ವಾರದಿಂದ ನೀನು ಸರಿಯಾಗಿ ಊಟ ಮಾಡ್ತಿಲ್ಲ ಅಂತ ಅವಳಿಗೂ ಗೊತ್ತು."

ಅಷ್ಟರಲ್ಲಿ ವಿಸಿಲ್ ಆಯ್ತು. ಎರಡು ಗೋಲು ಹಿಂದಿದ್ದ ತಂಡದ ಹುಡುಗರು ಮೊದಲು ಓಡಿಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. "ಆ ಏಳನೇ ನಂಬರ್ ನೋಡ್ತಿರು, ಚೆನ್ನಾಗಿ ಆಡ್ತಾನೆ" ಅಂತ ಅಪ್ಪ ಮುಂದಕ್ಕೆ ಬಾಗಿದರು. ನಾನೂ ನೋಡೋಕೆ ಶುರು ಮಾಡಿದೆ.